ಮ್ಲಾಡಿಚ್‌ನನ್ನು ರಾಕ್ಷಸನೆಂದು ಕರೆಯುವ ಮುನ್ನ

1992–95ರ ಬೋಸ್ನಿಯಾ ಯುದ್ಧದಲ್ಲಿ ಸರ್ಬ್ ಸೇನೆಯನ್ನು ನಡೆಸಿದ ರಾಟ್ಕೊ ಮ್ಲಾಡಿಚ್ ಹೆಸರು ಬಂದಾಗಲೆಲ್ಲ 'ರಾಕ್ಷಸ', 'ಬೋಸ್ನಿಯಾದ ಕಟುಕ' ಎಂಬ ಮಾತುಗಳು ಹಿಂದೆಯೇ ಬರುತ್ತವೆ. ನನಗೆ ಈ ಬೈಗುಳದ ಬಗ್ಗೆ ತಕರಾರಿದೆ. ಆತ ಅದಕ್ಕೆ ಅರ್ಹನಲ್ಲವೆಂದಲ್ಲ. ರಾಕ್ಷಸನೆಂದು ಕರೆದ ಕೂಡಲೇ ಆತನ ವೃತ್ತಿಜೀವನವನ್ನು ಓದುವ ಗೋಜು ನಮಗೆ ತಪ್ಪಿಹೋಗುತ್ತದೆ. ಓದಿದವರಿಗೆ ಅಲ್ಲಿ ಕಾಣುವುದು ಬುದ್ಧಿ ಕೆಟ್ಟವನಲ್ಲ, ಮೇಲಿನವರ ಮೆಚ್ಚುಗೆ ಗಳಿಸುತ್ತ ಮೆಟ್ಟಿಲು ಮೆಟ್ಟಿಲಾಗಿ ಏರಿದ ಸಮರ್ಥ ಸೇನಾಧಿಕಾರಿ.

ಆತ ಹುಟ್ಟಿದ್ದು ಹರ್ಜೆಗೊವಿನಾದ ಕಲಿನೊವಿಕ್ ಬಳಿಯ ಹಳ್ಳಿಯೊಂದರಲ್ಲಿ. ತಂದೆ ಎರಡನೆಯ ಮಹಾಯುದ್ಧದ ಕಮ್ಯುನಿಸ್ಟ್ ಗೆರಿಲ್ಲಾಗಳಾದ ಪಾರ್ಟಿಸಾನರ ಪಡೆಯಲ್ಲಿದ್ದು, 1945ರಲ್ಲಿ ಕ್ರೊಯೇಷಿಯಾದ ಉಸ್ತಾಶೆ ಫ್ಯಾಸಿಸ್ಟರೊಂದಿಗಿನ ಕಾಳಗದಲ್ಲಿ ಸತ್ತವನು. ಮಗ ಬೆಲ್‌ಗ್ರೇಡಿನ ಸೈನಿಕ ಅಕಾಡೆಮಿಯಲ್ಲಿ ಕಲಿತು 1965ರಲ್ಲಿ ಹೊರಬಂದು, ಕಮ್ಯುನಿಸ್ಟ್ ಪಕ್ಷದ ಸದಸ್ಯನಾಗಿ, ಮ್ಯಾಸಿಡೋನಿಯಾದಲ್ಲಿ ವರ್ಷಗಟ್ಟಲೆ ಸೇವೆ ಸಲ್ಲಿಸಿದ. ಎಲ್ಲ ಜನಾಂಗದವರೂ ಒಟ್ಟಿಗಿದ್ದ ಯುಗೋಸ್ಲಾವಿಯಾದ ಸೇನೆ ಅದು. 1991ರಲ್ಲಿ ದೇಶ ಒಡೆಯತೊಡಗಿದಾಗ ಆತನನ್ನು ಕ್ರೊಯೇಷಿಯಾದ ಕ್ನಿನ್‌ಗೆ ಕಳುಹಿಸಿದರು. ಮರುವರ್ಷವೇ ಆತ ಬೋಸ್ನಿಯಾದ ಸರ್ಬ್ ಸೇನೆಯ ದಂಡನಾಯಕ.

ನನ್ನನ್ನು ಬಹಳ ಕಾಡುವುದು 1992ರ ಮೇ 12. ಅಂದು ಬೋಸ್ನಿಯಾದ ಸರ್ಬರ ಶಾಸನಸಭೆ ಸರ್ಬರನ್ನು ಅಲ್ಲಿನ ಮುಸ್ಲಿಮರು ಮತ್ತು ಕ್ರೊಯೇಟರಿಂದ ಬೇರ್ಪಡಿಸುವುದು ತನ್ನ ಮೊದಲ ಗುರಿಯೆಂದು ಘೋಷಿಸಿತು. ಅದೇ ಸಭೆಯಲ್ಲಿ ಮ್ಲಾಡಿಚ್ ಎದ್ದು ನಿಂತು, ಜನರೇನು ಜೇಬಿನಲ್ಲಿಟ್ಟುಕೊಂಡು ಅತ್ತಿತ್ತ ಸಾಗಿಸುವ ಬೀಗದ ಕೈಗಳಲ್ಲ, ಸರ್ಬರಷ್ಟೇ ಉಳಿದು ಮಿಕ್ಕವರು ಹೋಗುವಂತೆ ಜರಡಿ ಹಿಡಿಯಲಾಗದು, ಅದು ನರಮೇಧವಾಗುತ್ತದೆ ಎಂಬರ್ಥದಲ್ಲಿ ಎಚ್ಚರಿಸಿದ. ಅಂದರೆ ಆ ಶಬ್ದ ಆತನಿಗೆ ಗೊತ್ತಿತ್ತು, ಯೋಜನೆ ಎತ್ತ ಸಾಗುವುದೆಂಬುದೂ ಗೊತ್ತಿತ್ತು. ಎಚ್ಚರಿಸಿದವನು ಅದೇ ಸಭೆ ಕೊಟ್ಟ ಸೇನಾಧಿಪತ್ಯವನ್ನು ಒಪ್ಪಿಕೊಂಡು ಎದ್ದ. ತಿಳಿಯದೆ ಮಾಡಿದ ಎನ್ನುವವರಿಗೆ ನಾನು ತೋರಿಸುವುದು ಈ ಭಾಷಣವನ್ನು.

ತಿಂಗಳು ತುಂಬುವ ಮೊದಲೇ, ಮೇ ಕೊನೆಯಲ್ಲಿ, ಬೋಸ್ನಿಯಾದ ರಾಜಧಾನಿ ಸರಯೇವೊದ ಬಡಾವಣೆಯೊಂದಕ್ಕೆ ಶೆಲ್ ಹಾಕಲು ರೇಡಿಯೊದಲ್ಲಿ ಆದೇಶಿಸುತ್ತ, ಅಲ್ಲಿ ಸರ್ಬರು ಹೆಚ್ಚಿಲ್ಲ, ಅವರಿಗೆ ನಿದ್ದೆ ಹತ್ತಬಾರದು ಎಂದ ಧ್ವನಿ ಆತನದೇ. ಆಗ ಆ ಪ್ರದೇಶದ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಮೊದಲ ದಂಡನಾಯಕರಾಗಿದ್ದವರು ನಮ್ಮ ಭಾರತೀಯ ಸೇನೆಯ ಲೆಫ್ಟಿನೆಂಟ್ ಜನರಲ್ ಸತೀಶ್ ನಂಬಿಯಾರ್. ಒಂದೇ ಕಾಲ, ಒಂದೇ ನೆಲ, ಹೆಸರಿನ ಹಿಂದೆ ಒಂದೇ 'ಜನರಲ್' ಪದವಿ. ಸಮವಸ್ತ್ರಕ್ಕೆ ತಾನಾಗಿ ಕೈಮುಗಿಯುವ ನಮ್ಮ ಅಭ್ಯಾಸ ಇಲ್ಲಿ ಸ್ವಲ್ಪ ತಡವರಿಸಿದರೆ ಒಳ್ಳೆಯದೇ.

1995ರ ಜುಲೈ 11ರಂದು ಆತನ ಪಡೆ ಸ್ರೆಬ್ರೆನಿಟ್ಸಾವನ್ನು ಹಿಡಿಯಿತು. ವಿಶ್ವಸಂಸ್ಥೆ ಸುರಕ್ಷಿತ ಪ್ರದೇಶವೆಂದು ಸಾರಿದ್ದ ಪಟ್ಟಣವದು. ಕಾವಲಿಗಿದ್ದ ಡಚ್ ಸೈನಿಕರು ಏನೂ ಮಾಡಲಾಗದೆ ನಿಂತರು. ಮ್ಲಾಡಿಚ್ ಕ್ಯಾಮೆರಾದ ಮುಂದೆ ಮಕ್ಕಳ ತಲೆ ಸವರಿ, ಸಿಹಿ ಹಂಚಿ, ಹೆದರಬೇಡಿ ಎಂದ. ಹೆಂಗಸರನ್ನೂ ಮಕ್ಕಳನ್ನೂ ಬಸ್ಸುಗಳಿಗೆ ಹತ್ತಿಸಿ, ಗಂಡಸರನ್ನೂ ಹುಡುಗರನ್ನೂ ಬೇರ್ಪಡಿಸಲಾಯಿತು. ಮುಂದಿನ ಕೆಲವು ದಿನಗಳಲ್ಲಿ ಸುಮಾರು 8,000 ಮಂದಿ ಬೋಸ್ನಿಯಾ ಮುಸ್ಲಿಮರನ್ನು ಕೊಂದರು. ಬಸ್ಸು, ಪಹರೆ, ಬಂಧನದಲ್ಲಿಡಲು ಶಾಲೆ ಮತ್ತು ಗೋದಾಮು, ಹೂಳಲು ಯಂತ್ರ, ಇಷ್ಟೆಲ್ಲ ಕೋಪದ ಭರದಲ್ಲಿ ಒದಗುವಂಥವಲ್ಲ. ಆ ಬೇಸಿಗೆ ಕಳೆದು ಸೆಪ್ಟೆಂಬರಿನಲ್ಲಿ, ಗುಟ್ಟು ರಟ್ಟಾಗದಂತೆ ಹೆಣಗಳನ್ನು ಯಂತ್ರಗಳಿಂದ ಅಗೆದು ದೂರದ ಗುಂಡಿಗಳಿಗೆ ಸಾಗಿಸಿದರು. 'ಎಂಜಿನಿಯರಿಂಗ್ ಕೆಲಸ'ಕ್ಕೆಂದು 5 ಟನ್ ಇಂಧನ ಮಂಜೂರು ಮಾಡಿದ, ಆತನ ಹೆಸರಿನ ಆದೇಶಪತ್ರ ಮುಂದೆ ನ್ಯಾಯಾಲಯದ ಮುಂದೆ ಬಂತು. ನರಮೇಧಕ್ಕೂ ಇಂಡೆಂಟು, ಮಂಜೂರಾತಿ!

ಯುದ್ಧ ಮುಗಿದ ಮೇಲೆ ವರ್ಷಗಟ್ಟಲೆ ಆತ ಬೆಲ್‌ಗ್ರೇಡಿನಲ್ಲಿ ಬಹಿರಂಗವಾಗಿಯೇ ಓಡಾಡಿಕೊಂಡಿದ್ದ. ತಲೆಮರೆಸಿಕೊಂಡದ್ದು ಆಮೇಲೆ, ಸಿಕ್ಕಿಬಿದ್ದದ್ದು 2011ರ ಮೇ 26ರಂದು, ಲಜರೆವೊ ಹಳ್ಳಿಯ ನೆಂಟರ ಮನೆಯಲ್ಲಿ. 2017ರಲ್ಲಿ ಯುಗೋಸ್ಲಾವಿಯಾದ ಯುದ್ಧಾಪರಾಧಗಳ ವಿಚಾರಣೆಗೆ ವಿಶ್ವಸಂಸ್ಥೆ ರಚಿಸಿದ್ದ ಹೇಗ್ ನ್ಯಾಯಮಂಡಳಿ 11 ಆರೋಪಗಳ ಪೈಕಿ 10ರಲ್ಲಿ ಆತ ದೋಷಿಯೆಂದು ಜೀವಾವಧಿ ಶಿಕ್ಷೆ ವಿಧಿಸಿತು. 2021ರಲ್ಲಿ ಮೇಲ್ಮನವಿಯಲ್ಲೂ ಅದೇ ಉಳಿಯಿತು. ಬಿಟ್ಟ ಒಂದು ಆರೋಪ 1992ರಲ್ಲಿ ಇತರ ಊರುಗಳಲ್ಲಿ ನಡೆದದ್ದೂ ನರಮೇಧವೇ ಎಂಬುದು. ಅದನ್ನೇ ಹಿಡಿದುಕೊಂಡು ಇಡೀ ತೀರ್ಪು ಪಕ್ಷಪಾತವೆನ್ನುವವರು, ಪಕ್ಷಪಾತಿಯಾಗಿದ್ದರೆ ಆ ಒಂದನ್ನು ಏಕೆ ಬಿಡುತ್ತಿತ್ತೆಂದು ಯೋಚಿಸಬೇಕು. ಸ್ರೆಬ್ರೆನಿಟ್ಸಾ ಸುತ್ತಲಿನ ಸರ್ಬ್ ಹಳ್ಳಿಗಳಲ್ಲೂ ಜನ ಸತ್ತರು ಎಂಬ ಅವರ ಇನ್ನೊಂದು ಮಾತು ನಿಜವೇ. ಆ ಸಾವುಗಳಿಗೆ ಕಟ್ಟಿಹಾಕಿದ ಹುಡುಗರಿಂದ ಲೆಕ್ಕ ತೀರಿಸಿಕೊಳ್ಳಬಹುದೆಂಬುದನ್ನು ಮಾತ್ರ ನಾನು ಯಾವ ಕಾರಣಕ್ಕೂ ಒಪ್ಪಲಾರೆ.

ತೀರ್ಪಿನ ದಿನ ಎಲ್ಲ ಸುಳ್ಳೆಂದು ಕೂಗಾಡಿದ ಆತನನ್ನು ಹೊರಗೆ ಕಳಿಸಿ, ಉಳಿದದ್ದನ್ನು ಓದಿ ಮುಗಿಸಿದರು. ಅತ್ತ ಸ್ರೆಬ್ರೆನಿಟ್ಸಾ ಬಳಿಯ ಪೊಟೊಚಾರಿಯ ಸ್ಮಶಾನದಲ್ಲಿ ಪ್ರತಿ ಜುಲೈ 11ರಂದು, ಹೊಸದಾಗಿ ಗುರುತು ಹತ್ತಿದವರನ್ನು ಮಣ್ಣು ಮಾಡುತ್ತಾರೆ. ಯಂತ್ರಗಳು ಹೆಣಗಳನ್ನು ಸೀಳಿ ಹರಡಿದ್ದರಿಂದ ಒಬ್ಬನದೇ ಎಲುಬುಗಳು ಬೇರೆ ಬೇರೆ ಗುಂಡಿಗಳಲ್ಲಿ ಸಿಕ್ಕಿವೆ. ಇನ್ನಷ್ಟು ಸಿಗಲೆಂದು ಕೆಲವು ತಾಯಂದಿರು ಕಾದಿದ್ದಾರೆ; ಇನ್ನು ಕೆಲವರು, ಒಮ್ಮೆ ಮುಚ್ಚಿದ ಮಗನ ಗೋರಿಯನ್ನು ಮತ್ತೆ ತೆರೆಸಿ, ಆಮೇಲೆ ಸಿಕ್ಕ ಎಲುಬನ್ನು ಅದರೊಳಗೆ ಸೇರಿಸಿದ್ದಾರೆ.