ಹೋತನ ಕೋಡಿಗೆ ರಬ್ಬರ್ ಬಳೆ

ತಂತಿ ಬೇಲಿಗೆ ತಲೆ ತೂರಿಸುವುದಕ್ಕೆ ಆಡಿಗೆ ಹೆಚ್ಚು ಹೊತ್ತು ಬೇಡ. ಕೋಡು ಹಿಂದಕ್ಕೆ ಬಾಗಿರುತ್ತದಲ್ಲ, ಒಳಗೆ ಹೋಗುವಾಗ ಜಾರಿಕೊಂಡು ಹೋಗುತ್ತದೆ, ಹೊರಗೆ ಬರುವಾಗ ಕೊಕ್ಕೆಯಾಗಿ ನಿಲ್ಲುತ್ತದೆ. ಬೇಲಿಯಾಚೆ ಇರುವುದು ಒಣಗಿದ ಜಾಲಿ ಟೊಂಗೆ, ಈಚೆ ಗ್ವಾದಲಿ ತುಂಬ ಕುದುರೆಮೆಂತೆ. ಆದರೂ ಆಚೆಯದೇ ರುಚಿ. "ಯಪ್ಪಾ, ಕರೀ ಹೋತ ಮತ್ತ ಸಿಕ್ಕೊಂಡೇತಿ, ಲಗೂನ ಬಾ!" ಎಂಬ ಕೂಗು ಬಾಗಲಕೋಟೆ, ವಿಜಯಪುರ ಕಡೆಯ ಆಡಿನ ಶೆಡ್ಡುಗಳಲ್ಲಿ ಹೊತ್ತೊತ್ತಿಗೆ ಕೇಳುವಂಥದ್ದೇ. ಬಿಡಿಸಿದವರ ಮೊಣಕಾಲಿಗೆ ಒಂದು ಗುಮ್ಮು ಕೊಟ್ಟು ಹೋತ ಮತ್ತೆ ಅದೇ ಕಿಂಡಿಗೆ ಹೋಗುತ್ತದೆ. ಆಗ ಮನೆಯಲ್ಲಿ ಪಂಚಾಯ್ತಿ ಸೇರಿ ತೀರ್ಪು ಬರುತ್ತದೆ: ಕೋಡು ತೆಗೆಸಬೇಕು. ಬೇಲಿಯ ಕಿಂಡಿ ಅಳೆಯುವ ಯೋಚನೆ ಯಾರಿಗೂ ಬರುವುದಿಲ್ಲ.

ಗರಗಸ ಎಂದರೆ ರಕ್ತ, ಬುಡಕ್ಕೆ ರಬ್ಬರ್ ಬಿಗಿದು ಉದುರಿಸುವುದೆಂದರೆ ಖರ್ಚಿಲ್ಲದ ಕೆಲಸ ಎಂದು ಯಾರೋ ಕಾಕಾ ಹೇಳಿರುತ್ತಾರೆ. ಯಾವ ರಬ್ಬರ್ ಎಂಬುದು ಮಾತ್ರ ಹೇಳದೇ ಉಳಿದುಬಿಡುತ್ತದೆ. ಕಿರಾಣಿ ಅಂಗಡಿಯಲ್ಲಿ ಚುರಮರಿ ಚೀಲದ ಬಾಯಿ ಕಟ್ಟುವ ತೆಳು ರಬ್ಬರನ್ನು ಹತ್ತು ಸುತ್ತು ಸುತ್ತಿದರೆ, ಸಂಜೆಯೊಳಗೆ ಅದು ಪಕ್ಕದ ಆಡಿನ ಹೊಟ್ಟೆಯಲ್ಲಿರುತ್ತದೆ. ಬೇಕಾದದ್ದು ಟಗರು ಮರಿಯ ಬೀಜಕ್ಕೆ ಹಾಕುವ ದಪ್ಪ ರಬ್ಬರ್ ಉಂಗುರ. ನೋಡಲು ಗುಂಡಿಯಷ್ಟೇ ಇರುತ್ತದೆ, ಬೆರಳಿನಿಂದ ಹಿಗ್ಗಿಸುವುದು ಯಾರಪ್ಪನಿಂದಲೂ ಆಗುವುದಿಲ್ಲ. ಅದಕ್ಕೆಂದೇ ನಾಲ್ಕು ಹಲ್ಲಿನ ಇಕ್ಕಳ ಬರುತ್ತದೆ. ಹಲ್ಲುಗಳ ಮೇಲೆ ಉಂಗುರ ಕೂರಿಸಿ ಹಿಡಿಕೆ ಒತ್ತಿದರೆ ಉಂಗುರ ಚೌಕಾಗಿ ಬಿಚ್ಚಿಕೊಳ್ಳುತ್ತದೆ. ಆ ಗಳಿಗೆಯಲ್ಲಿ ಹೋತ ತಲೆ ಕೊಡವಿದರೆ ಉಂಗುರ ಎಲ್ಲಿಗೆ ಹಾರಿತೆಂದು ಹುಡುಕಲೇಬೇಕು. ಕೂದಲಿನ ನಡುವೆ ಕಿವಿಯ ಬುಡಕ್ಕೆ ಹೋಗಿ ಕೂತಿದ್ದರೆ, ಉದುರುವುದು ಕೋಡಲ್ಲ, ಕಿವಿ.

ಕೋಡು ಬರೀ ಉಗುರಿನ ಜಾತಿ ಎಂದು ತಿಳಿದವರು ಬಹಳ. ಹೊರಗಿನ ಕವಚ ಉಗುರಿನದೇ ಪದಾರ್ಥ, ಸರಿ. ಒಳಗಿರುವುದು ಎಲುಬು, ಹಣೆಯ ಎಲುಬೇ ಮುಂದುವರಿದು ಬಂದದ್ದು. ಅದರ ಸುತ್ತ ರಕ್ತನಾಳ, ನರ ಎಲ್ಲ ಇವೆ. ಬೆಳೆದ ಆಡಿನಲ್ಲಿ ಕೋಡಿನ ಬುಡದ ಟೊಳ್ಳು ಹಣೆಯೊಳಗಿನ ಗಾಳಿಗೂಡಿಗೆ ಕೂಡಿಕೊಂಡಿರುತ್ತದೆ. ರಬ್ಬರ್ ಮಾಡುವ ಕೆಲಸ ಒಂದೇ, ಬಿಗಿದು ಬಿಗಿದು ರಕ್ತ ನಿಲ್ಲಿಸುವುದು. ಮೆತ್ತನೆಯ ಭಾಗ ಬೇಗ ಸಾಯುತ್ತದೆ, ಎಲುಬು ಅಷ್ಟು ಬೇಗ ಸೋಲುವುದಿಲ್ಲ. ಸಣ್ಣ ಕೋಡಾದರೆ ಒಂದು ತಿಂಗಳು, ದಪ್ಪದ್ದಾದರೆ ಎರಡು ತಿಂಗಳು ದಾಟಿದರೂ ಆಶ್ಚರ್ಯವಿಲ್ಲ. ಅಷ್ಟು ದಿನ ಪ್ರಾಣಿ ನೋವು ತಿನ್ನುತ್ತದೆ. ಬಹಳಷ್ಟು ದನದ ಡಾಕ್ಟರುಗಳು ಈ ಪದ್ಧತಿಯನ್ನು ಒಪ್ಪದಿರುವುದು ಇದಕ್ಕೇ. ಇನ್ನೊಂದು ಮಾತು: 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಕೋಡು ತೆಗೆಯುವುದಕ್ಕೆ ವಿನಾಯಿತಿ ಇರುವುದು ದನಗಳ ಹೆಸರಿನಲ್ಲಿ, ಅದೂ ನಿಗದಿಪಡಿಸಿದ ರೀತಿಯಲ್ಲಿ ಮಾಡಿದರೆ. ಆಡಿನ ಹೆಸರು ಆ ಸಾಲಿನಲ್ಲಿಲ್ಲ. ಆದ್ದರಿಂದ ಇಕ್ಕಳ ಕೈಗೆತ್ತಿಕೊಳ್ಳುವ ಮೊದಲು ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡುವುದು ಒಳ್ಳೆಯದು.

ಡಾಕ್ಟರರು ಬಂದು, ನೋಡಿ, ಬೇರೆ ದಾರಿಯಿಲ್ಲ ಎಂದರೆ ಕೆಲಸದ ಕ್ರಮ ಹೀಗಿರುತ್ತದೆ. ಕಾಲ ಚಳಿಯದಾಗಿರಬೇಕು. ದೀಪಾವಳಿ ಮುಗಿದ ಮೇಲೆ ಹಾಕಿದರೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ಹೊತ್ತಿಗೆ, ಅಂದರೆ ಸಂಕ್ರಾಂತಿಗೆ, ಒಂದು ದಡ ಮುಟ್ಟಬಹುದು. ಮಳೆಗಾಲದಲ್ಲಿ ಹಾಕಿದವರು ಆಡು ಸಾಕುವುದಿಲ್ಲ, ನೊಣ ಸಾಕುತ್ತಾರೆ. ಧನುರ್ವಾಯುವಿನ ಚುಚ್ಚುಮದ್ದು ಮೊದಲೇ ಆಗಿರಬೇಕು, ಏಕೆಂದರೆ ಗಾಳಿಯಾಡದ ಸತ್ತ ಮಾಂಸವೆಂದರೆ ಆ ರೋಗಾಣುವಿಗೆ ಹೇಳಿ ಮಾಡಿಸಿದ ಜಾಗ. ನೋವಿನ ಮದ್ದೂ ಬೇಕು. ಆಮೇಲೆ ಕೋಡಿನ ಬುಡದ ಕೂದಲು ಕತ್ತರಿಸಿ, ಚರ್ಮ ಮತ್ತು ಕೋಡು ಕೂಡುವ ಜಾಗದಲ್ಲಿ ಕಾನಸಿನಿಂದ ಸುತ್ತ ಒಂದು ಗೀರು ಹಾಕುತ್ತಾರೆ. ಈ ಗೀರೇ ಎಲ್ಲದರ ಜೀವಾಳ. ಕೋಡು ಬುಡದಲ್ಲಿ ದಪ್ಪ, ಮೇಲೆ ಸಣ್ಣ. ಗೀರಿಲ್ಲದ ರಬ್ಬರ್ ರಾತ್ರೋರಾತ್ರಿ ಉರುಳಿಕೊಂಡು ಮೇಲೇರಿ, ಬೆಳಗ್ಗೆ ತುದಿಯಲ್ಲಿ ಬಾಸಿಂಗದ ಹಾಗೆ ಕೂತಿರುತ್ತದೆ.

ಗೀರಿನಲ್ಲಿ ಒಂದಲ್ಲ, ಎರಡು ಉಂಗುರ. ಒಂದು ಹರಿದರೂ ಇನ್ನೊಂದು ಇರಲಿ ಎಂದು. ನಮ್ಮ ಕಡೆಯ ಬಿಸಿಲಿಗೆ ರಬ್ಬರ್ ಬೇಗ ಸೀಳುಬಿಡುತ್ತದೆ, ಅಂಗಡಿಯ ಕಿಟಕಿಯಲ್ಲಿ ವರ್ಷಗಟ್ಟಲೆ ಬಿದ್ದ ಪ್ಯಾಕೆಟ್ಟಿನದಾದರೆ ಹಾಕುವಾಗಲೇ ಹರಿಯುತ್ತದೆ. ಮೇಲೆ ಟೇಪು ಸುತ್ತುವುದು ಇತರ ಆಡುಗಳ ಬಾಯಿಯಿಂದ ಕಾಪಾಡಲಿಕ್ಕೆ. ಹಿಡಿಯಲು ಇಬ್ಬರು ಬೇಕು. ಒಬ್ಬರು ಗೋಡೆಗೆ ಒತ್ತಿ ಮೈ ಹಿಡಿದರೆ ಇನ್ನೊಬ್ಬರು ದವಡೆ ಹಿಡಿಯಬೇಕು. "ಗಟ್ಟಿ ಹಿಡೀರಿ ಮಾವಾರ" ಎಂದರೆ ಮಾವನವರು ಹಿಡಿಯುವುದು ಕೋಡನ್ನೇ. ಕೋಡು ಬಿಟ್ಟರೆ ಆಡಿನ ಮೈಯಲ್ಲಿ ಹಿಡಿಕೆ ಎಂಬುದು ಬೇರೆ ಎಲ್ಲಿದೆ?

ರಬ್ಬರ್ ಬಿದ್ದ ಮೊದಲ ಗಂಟೆಗಳಲ್ಲಿ ಹೋತ ತಲೆ ಒದರುತ್ತದೆ, ಗೋಡೆಗೆ ತಿಕ್ಕುತ್ತದೆ, ಮೇವು ಮೂಸಿ ಬಿಡುತ್ತದೆ. ಆಮೇಲೆ ಮೇಲ್ನೋಟಕ್ಕೆ ಎಲ್ಲ ಮಾಮೂಲು. ಅಪಾಯ ಶುರುವಾಗುವುದೇ ಅಲ್ಲಿಂದ, ಯಜಮಾನರು ಮರೆಯುತ್ತಾರೆ. ದಿನ ಬಿಟ್ಟು ದಿನವಾದರೂ ಟೇಪು ಸರಿಸಿ ನೋಡಬೇಕು. ಉಂಗುರ ಇದೆಯೇ, ವಾಸನೆ ಬರುತ್ತಿದೆಯೇ, ಹುಳ ಬಿದ್ದಿದೆಯೇ? ಸುತ್ತ ಬೇವಿನೆಣ್ಣೆ ಸವರಿದರೆ ನೊಣ ಸ್ವಲ್ಪ ದೂರ. ಬೂದಿ, ಸೆಗಣಿ ಮೆತ್ತುವ ಹಿರಿಯರ ಕೈಯನ್ನು ಮಾತ್ರ ಮರ್ಯಾದೆಯಿಂದಲೇ ತಡೆಯಬೇಕು, ಧನುರ್ವಾಯು ಬರುವುದು ಅದೇ ದಾರಿಯಲ್ಲಿ.

ಕೋಡು ಅಲುಗಾಡತೊಡಗಿದ ಮೇಲೆ ಆ ಹೋತನನ್ನು ಬೇರೆ ಕಟ್ಟಬೇಕು. ಗುಂಪಿನಲ್ಲಿದ್ದರೆ ಇನ್ನೊಂದು ಬಂದು ಡಿಕ್ಕಿ ಹೊಡೆದು, ಬಲಿಯದ ಕೋಡನ್ನು ಹೊತ್ತಿಗೆ ಮುಂಚೆಯೇ ಕಿತ್ತು ಹಾಕುತ್ತದೆ. ರಕ್ತರಹಿತ ಪದ್ಧತಿಯ ರಕ್ತ ಆಗ ಗೋಡೆಯ ಮೇಲೆ ಕಾಣುತ್ತದೆ. ಶುದ್ಧ ಬಟ್ಟೆ ಒತ್ತಿ ಹಿಡಿದು ಡಾಕ್ಟರರನ್ನು ಕರೆಯುವುದೊಂದೇ ದಾರಿ. ತಾನಾಗಿ ಬಿದ್ದರೂ ಎರಡೂ ಒಂದೇ ದಿನ ಬೀಳುತ್ತವೆ ಎಂಬ ಭರವಸೆಯಿಲ್ಲ. ಒಂಟಿ ಕೋಡಿನ ಹೋತ ಓಣಿಯಲ್ಲಿ ತಿರುಗುವಷ್ಟು ದಿನ ಮನೆಯವರು ಎಲ್ಲರಿಗೂ ಕಾರಣ ಹೇಳುತ್ತಿರಬೇಕು. ರಬ್ಬರ್ ಒಂದು ಬೆರಳು ಮೇಲೆ ಕೂತಿದ್ದರೆ ಬುಡದ ಜೀವಂತ ಭಾಗ ಉಳಿದು, ಸೊಟ್ಟ ಮೊಂಡುಕೋಡು ಮತ್ತೆ ಬರುತ್ತದೆ. ಕೆಲವು ಬಾಗಿ ಹಣೆಗೇ ಚುಚ್ಚುತ್ತವೆ.

ಇನ್ನು ವ್ಯಾಪಾರ. ಅಮೀನಗಡದ ಸಂತೆಯಲ್ಲಿ ಕೊಳ್ಳುವವರು ಒಂದು ಕೈಯಲ್ಲಿ ಕೋಡು ಹಿಡಿದು ಇನ್ನೊಂದರಲ್ಲಿ ತುಟಿ ಬಿಡಿಸಿ ಹಲ್ಲು ನೋಡುತ್ತಾರೆ. ಕೋಡಿಲ್ಲದ ಹಣೆಯಲ್ಲಿ ಎರಡು ಕಲೆ ಕಂಡರೆ ಮೊದಲ ಪ್ರಶ್ನೆಯೇ "ಏನಾಗಿತ್ರಿ ಇದಕ್ಕ?" ಬಕ್ರೀದ್ ಗಿರಾಕಿಯಂತೂ ಮುಂದಿನ ಹಗ್ಗಕ್ಕೆ ಹೋಗಿಬಿಡುತ್ತಾರೆ. ಹುಟ್ಟಾ ಬೋಳಾದ ಹೋತ ಕುರ್ಬಾನಿಗೆ ನಡೆಯುತ್ತದೆ, ಬುಡಸಹಿತ ಮುರಿದದ್ದು ನಡೆಯುವುದಿಲ್ಲ ಎಂಬುದು ಅವರ ಲೆಕ್ಕ. ಎರಡು ತಿಂಗಳು ಬೇವಿನೆಣ್ಣೆ ಸವರಿದ್ದಕ್ಕೆ ಸಿಗುವ ಬಹುಮಾನ ಅದು.

ಕೋಡು ಬೇಡವೇ ಬೇಡ ಎನ್ನುವವರು ಮರಿ ಹುಟ್ಟಿದ ಮೊದಲ ವಾರ ಹತ್ತು ದಿನದೊಳಗೇ ಮೊಳಕೆ ಸುಡಿಸಬೇಕು, ಅದೂ ಡಾಕ್ಟರರಿಂದ. ಆಡಿನ ಮರಿಯ ತಲೆಬುರುಡೆ ತೆಳು, ಕಾದ ಕಬ್ಬಿಣ ಸ್ವಲ್ಪ ಹೆಚ್ಚು ಹೊತ್ತು ನಿಂತರೂ ಶಾಖ ಮಿದುಳಿಗಿಳಿಯುತ್ತದೆ. ಮರಗಟ್ಟಿಸುವ ಮದ್ದಿನ ಪ್ರಮಾಣ ಹೆಚ್ಚಾದರೂ ಮರಿಗೆ ವಿಷವೇ. ಬೋಳ ಹೋತಕ್ಕೆ ಬೋಳ ಆಡು ಕೂಡಿಸಿ ಬೋಳು ವಂಶ ಬೆಳೆಸುತ್ತೇನೆ ಎನ್ನುವ ಜಾಣರಿಗೂ ಒಂದು ಪೆಟ್ಟು ಕಾದಿದೆ: ಆ ಜೋಡಿಯ ಕೆಲವು ಹೆಣ್ಣು ಮರಿಗಳು ಗಂಡೂ ಅಲ್ಲದ ಹೆಣ್ಣೂ ಅಲ್ಲದ ಬಂಜೆಗಳಾಗಿ ಹುಟ್ಟುತ್ತವೆ.

ಉಳಿದವರು ಬೇಲಿಗೆ ಬರಲಿ. ತಲೆ ಹೋಗಿ ಕೋಡು ಸಿಕ್ಕುವುದು ಹೆಚ್ಚಾಗಿ 6 ಇಂಚಿನ ಆಸುಪಾಸಿನ ಚೌಕ ಕಿಂಡಿಯಲ್ಲಿ. 2 ಇಂಚಿನ ಜಾಳಿಗೆ ಬಡಿದರೆ ಮೂತಿಯೂ ಹೋಗದು. ಅಷ್ಟು ದುಡ್ಡು ಈಗ ಇಲ್ಲವೆಂದರೆ, ಪಂಪ್‌ಸೆಟ್ಟಿನ ಮೂಲೆಯಲ್ಲಿ ಬಿದ್ದಿರುವ ಅರ್ಧ ಇಂಚಿನ ಪಿವಿಸಿ ಪೈಪಿನ ಒಂದಡಿ ತುಂಡನ್ನು ಎರಡೂ ಕೋಡಿಗೆ ಅಡ್ಡಲಾಗಿ ಟೇಪಿನಿಂದ ಸುತ್ತಿ. ಹೋತ ಮೇಯುತ್ತದೆ, ನೀರು ಕುಡಿಯುತ್ತದೆ, ಕಿಂಡಿಗೆ ಮಾತ್ರ ತಲೆ ಹೋಗುವುದಿಲ್ಲ. ವಾರದೊಳಗೆ ತಲೆ ಓರೆ ಮಾಡಿ ಪೈಪ್ ಸಮೇತ ತೂರುವುದನ್ನು ಕಲಿತರೆ, ಪೈಪು ಒಂದೂವರೆ ಅಡಿಯದು ಕತ್ತರಿಸಿ.