ಎಮ್ಮೆಗೆ ಹೆಸರಿತ್ತಾ?

42 ಅಸೈನ್ಮೆಂಟುಗಳಲ್ಲಿ 19ರ ಮೊದಲ ಪುಟದಲ್ಲೇ ಮಳೆ. ಮಳೆ ಅಂದಮೇಲೆ ಮಣ್ಣಿನ ಘಮ. ಘಮ ಬಂತು ಅಂದರೆ ಹಿಂದೆಯೇ ಅಜ್ಜಿ. ಅಜ್ಜಿಯ ಸೆರಗಿನ ತುದಿಯಲ್ಲಿ ಗಂಟು ಕಟ್ಟಿದ ನಾಲ್ಕಾಣೆ. ನಾಲ್ಕಾಣೆಯ ಚಲಾವಣೆ ನಿಂತಿದ್ದು 2011ರಲ್ಲಿ. ಆಗ ಈ ಮಕ್ಕಳಿಗೆ ಐದು ವರ್ಷ. ಅದಕ್ಕೆ ಎಷ್ಟೋ ಮೊದಲೇ ಅಂಗಡಿಯವರು ಅದನ್ನು ಮುಟ್ಟುವುದು ಬಿಟ್ಟಿದ್ದರು. ಅಜ್ಜಿ ಕೊಟ್ಟ ನಾಲ್ಕಾಣೆಗೆ ಇವರು ಏನು ಕೊಂಡರೋ!

ಬಿ.ಎ. ಮಕ್ಕಳಿಗೆ ಆತ್ಮಕಥನ ಬರೆಸುವುದು ನನ್ನ ಈ ವರ್ಷದ ಪಾಡು. ಎರಡು ಪುಟ, ಹತ್ತು ಇಂಟರ್ನಲ್ ಮಾರ್ಕ್ಸು. ಬಾಲ್ಯಕ್ಕೆ ಏಳು ಕೊಡಲೋ ಎಂಟು ಕೊಡಲೋ ಅಂತ ಕೂತು ಯೋಚಿಸುವ ಕೆಲಸ ಇದು. ಅರ್ಧದಷ್ಟು ಮೊಬೈಲಿಗೆ ಹೇಳಿ ಬರೆಸಿದ್ದು ಅಂತ ಓದಿದ ಕೂಡಲೇ ಗೊತ್ತಾಗುತ್ತದೆ. ಗೊತ್ತಾಗಿ ಏನು ಪ್ರಯೋಜನ? ಅಜ್ಜಿ ಸುಳ್ಳು ಅಂತ ಷರಾ ಬರೆಯೋಕಾಗುತ್ತಾ?

ಸಿದ್ದಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ಯಿಂದ ಒಂದು ಭಾಗ ಓದಿ ಹೇಳಿದ್ದೆ. ಎತ್ತುಗಳ ಬದಲು ಇಬ್ಬರು ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟಿದ್ದಾರೆ, ಹಿಂದೆ ಒಬ್ಬ ಉಳುತ್ತಿದ್ದಾನೆ. ಆ ಇಬ್ಬರಲ್ಲಿ ಒಬ್ಬ, ಕತೆ ಹೇಳುವ ಹುಡುಗನ ಅಪ್ಪ. ಕ್ಲಾಸು ಗಪ್‌ಚಿಪ್ ಆಗಿತ್ತು. “ಅಲ್ಲಿ ಘಮ ಗಿಮ ಏನಾದ್ರೂ ಇದೆಯೇನ್ರೋ?” ಅಂತ ಕೇಳಿದೆ. ಆಗ ಹಿಂದಿನ ಬೆಂಚಿನಿಂದ ಒಂದು ದನಿ: “ಮೇಡಂ, ನೀವೂ ಒಂದು ಬರ್ಕೊಂಡು ಬನ್ನಿ.”

ಬರೆದೆ. “ನಮ್ಮ ಎಮ್ಮೆ ಗೌರಿಯನ್ನು ಮಾರಿದ ದಿನ ನಾನು ಉಣ್ಣಲಿಲ್ಲ” ಅಂತ ಶುರು. ಚೆನ್ನಾಗಿ ಬಂತು ಅನ್ನಿಸಿ ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಅಲ್ಲಿಗೆ ನನ್ನ ಆತ್ಮಕಥೆ ನನ್ನ ಕೈ ಬಿಟ್ಟಿತು.

ಮೊದಲು ಅತ್ತೆ. “ಗೌರಿ ಎಮ್ಮೆಯಲ್ಲ ಕಣೇ, ಹಸು. ಎಮ್ಮೆಗೆ ಯಾರು ಹೆಸರಿಡ್ತಾರೆ?” ಆಮೇಲೆ ದೊಡ್ಡಪ್ಪನ ವಾಯ್ಸ್ ಮೆಸೇಜು, ನಾಲ್ಕು ನಿಮಿಷ. ಮೊದಲ ಒಂದು ನಿಮಿಷ ಬರೀ ಕೆಮ್ಮು, ಜೊತೆಗೆ ಟಿವಿ ಸದ್ದು. ಎಮ್ಮೆ ಹೊತ್ತಿಗೆ ಮೂರು ಸೇರು ಕರೀತಿತ್ತು, ಮಾರಿದ್ದು ತಿಪಟೂರಿನವನಿಗಲ್ಲ, ಅರಸೀಕೆರೆ ಕಡೆಯವನಿಗೆ, ಅವನು ಇನ್ನೂರು ರೂಪಾಯಿ ಬಾಕಿ ಉಳಿಸಿಕೊಂಡ, ಆ ಬಾಕಿ ವಸೂಲಿಗೆ ನಿಮ್ಮಪ್ಪನ್ನ ಕಳಿಸಿದ್ದೇ ತಪ್ಪಾಯ್ತು. ಅಪ್ಪ ಇದಕ್ಕೆ ಉತ್ತರಿಸಲಿಲ್ಲ. ಬೆಳಗ್ಗೆ ಗ್ರೂಪಿನಿಂದ ಹೊರಗೆ ಹೋಗಿದ್ದರು. ಚಿಕ್ಕಮ್ಮ ಮಧ್ಯೆ ಬಂದು, ಹೋಗ್ಲಿ ಬಿಡಿ, ಮಗು ಏನೋ ಬರ್ದಿದೆ ಅಂದರು. ಮಗುವಿಗೆ ನಲವತ್ತೇಳು. ಆದರೆ ಅದೇ ಚಿಕ್ಕಮ್ಮನೇ ಸಂಜೆ ಸೇರಿಸಿದರು: “ಅವತ್ತು ನೀನು ಎರಡು ಸಲ ಉಂಡೆ. ಬಡಿಸಿದ್ದು ನಾನೇ. ಹುರುಳಿಕಾಳು ಸಾರು.”

ಕಾರಂತರು ತಮ್ಮ ಆತ್ಮಕಥೆಗೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಅಂತ ಹೆಸರಿಟ್ಟರು. ನಮ್ಮ ಗ್ರೂಪಿನಲ್ಲಿ ಹದಿನಾಲ್ಕಿದ್ದವು, ಅಪ್ಪ ಹೋದಮೇಲೆ ಹದಿಮೂರು.

ನಿಜ ಹೇಳಲಾ? ಹುರುಳಿಕಾಳು ಸಾರಿನ ಮಾತು ಓದುತ್ತಿದ್ದ ಹಾಗೇ ನನಗೂ ತಟ್ಟೆ ಕಾಣಿಸಿತು. ಅಂಚು ನೆಗ್ಗಿದ ಅಲ್ಯೂಮಿನಿಯಂ ತಟ್ಟೆ. ಅದಾದರೂ ನನಗೆ ನೆನಪಿರುವುದೋ, ಚಿಕ್ಕಮ್ಮ ಹೇಳಿದ್ದಕ್ಕೆ ಈಗ ಮೂಡಿದ್ದೋ! ಆ ಮಕ್ಕಳ ನಾಲ್ಕಾಣೆಗಳಿಗೆ ಹಾಕಿದ್ದ ಕೆಂಪು ಗೀಟು ನೆನಪಾಯಿತು. ಅಳಿಸಲು ಹೋಗಲಿಲ್ಲ. ನಾಲ್ಕಾಣೆ ಮಾತ್ರ ಸುಳ್ಳೇ.

ಸೋಮವಾರ ಕ್ಲಾಸಿಗೆ ಹೋದರೆ ಹಿಂದಿನ ಬೆಂಚು ಕಾಯುತ್ತಿತ್ತು. “ಮೇಡಂ, ನಿಮ್ದು?”

“ಇನ್ನೂ ಎಮ್ಮೆ ಯಾರಿಗೆ ಮಾರಿದ್ದು ಅಂತ ತೀರ್ಮಾನ ಆಗಿಲ್ಲ, ಕೂತ್ಕೊಳ್ಳಿ” ಅಂದೆ.