ಆರಂಭ ಕೆಪ್ಲರ್‌ನಿಂದಲ್ಲ
ಕಣ್ಣಿನೊಳಗೆ ಬಿಂಬ ತಲೆಕೆಳಗಾಗಿ ಬೀಳುತ್ತದೆಂದು 1604ರಲ್ಲಿ ಜರ್ಮನಿಯ ಖಗೋಳವಿಜ್ಞಾನಿ ಕೆಪ್ಲರ್ ವಿವರಿಸಿದ್ದೇ ದೃಷ್ಟಿವಿಜ್ಞಾನದ ಆರಂಭ ಎಂದು ನಾನು ಓದಿದ ಲೇಖನವೊಂದು ಹೇಳುತ್ತದೆ; ಅದರ ಲೇಖಕರ ಈ ಮಾತನ್ನು ನಾನು ಒಪ್ಪಲಾರೆ. ಕಣ್ಣಿನಿಂದಲೇ ಕಿರಣಗಳು ಹೊರಡುತ್ತವೆ ಎಂಬ ಪ್ರಾಚೀನ ಗ್ರೀಕ್ ವಿದ್ವಾಂಸರಾದ ಯೂಕ್ಲಿಡ್, ಟಾಲೆಮಿಯವರ ವಾದವನ್ನು ಅಲ್ಲಗಳೆದು, ವಸ್ತುವಿನಿಂದ ಬರುವ ಬೆಳಕು ಕಣ್ಣನ್ನು ಸೇರಿದಾಗಲೇ ನೋಟ ಸಾಧ್ಯವೆಂದು ಕೈರೋದಲ್ಲಿದ್ದ ಅರಬ್ ವಿಜ್ಞಾನಿ ಇಬ್ನ್ ಅಲ್-ಹೈಥಮ್ ಕೆಪ್ಲರ್‌ಗಿಂತ ಸುಮಾರು ಆರು ನೂರು ವರ್ಷ ಮೊದಲೇ ಪ್ರತಿಪಾದಿಸಿದ್ದರು. ತಲೆಕೆಳಗಾದ ಬಿಂಬವನ್ನು ಮಾತ್ರ ಅವರಿಂದ ಒಪ್ಪಿಕೊಳ್ಳಲಾಗಲಿಲ್ಲ, ನೋಟದ ನೆಲೆ ಕಣ್ಣಿನ ಮಸೂರವೆಂದೇ ಅವರು ನಂಬಿದ್ದರು. ಆ ನೆಲೆ ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾ ಎಂದು 1583ರಲ್ಲಿ ಹೇಳಿದ ಸ್ವಿಸ್ ವೈದ್ಯ ಫೆಲಿಕ್ಸ್ ಪ್ಲಾಟರ್ ಅವರ ಹೆಸರೂ ಲೇಖನದಲ್ಲಿಲ್ಲ, ಇದು ದೊಡ್ಡ ಕೊರತೆ. ವಿಜಯಪುರದ ನಮ್ಮ ಹಳೆಯ ಮನೆಯ ಕತ್ತಲೆ ಕೋಣೆಯಲ್ಲಿ, ಬಾಗಿಲ ಸಣ್ಣ ತೂತಿನಿಂದ ಒಳಬಂದ ಬೆಳಕು ಅಂಗಳದ ಬೇವಿನ ಮರವನ್ನು ಸುಣ್ಣದ ಗೋಡೆಯ ಮೇಲೆ ಬುಡಮೇಲಾಗಿ ಮೂಡಿಸುತ್ತಿತ್ತು. ಹೊರಗೆ ಟೊಂಗೆ ಅಲುಗಿದರೆ ಗೋಡೆಯ ಮೇಲೂ ಅಲುಗುತ್ತಿತ್ತು. ಅದನ್ನು ಬಾಲ್ಯದಲ್ಲಿ ಕಂಡ ನನಗೆ, ಕಣ್ಣಿನೊಳಗೂ ಬಿಂಬ ಹೀಗೆ ತಲೆಕೆಳಗಾಗುತ್ತದೆಂದು ಒಪ್ಪಲು ಇಬ್ನ್ ಅಲ್-ಹೈಥಮ್ ಹಿಂಜರಿದದ್ದು ಏಕೆಂದು ಚೆನ್ನಾಗಿ ಅರ್ಥವಾಗುತ್ತದೆ.